ಹೆಚ್ಚು ಹೊತ್ತಿನ ಕೆಲಸಕ್ಕೆ ಇಮ್ಮಡಿ ಕೂಲಿ

ಎಂಟು ತಾಸಿನ ಕೆಲಸಕ್ಕೆ ೮೦ ರೂಪಾಯಿ ಕೂಲಿಯಾದರೆ ಹನ್ನೆರಡು ತಾಸಿನ ಕೆಲಸಕ್ಕೆ ಎಷ್ಟು? ತ್ರೈರಾಶಿಕವನ್ನು ಕಲಿತ ಪಾಠಶಾಲೆಯ ಹುಡುಗನು ಪಾಟಿಯನ್ನು ಮುಟ್ಟದೆಯೇ ೧೨೦ ಎಂದು ಹೇಳಿಯಾನು. ಗಣಿತದ ದೃಷ್ಟಿಯಿಂದ ಅವನ ಉತ್ತರವು ಸರಿಯೇ. ಕಾಯದೆಯ ದೃಷ್ಟಿಯಿಂದ ಅದು ೪೦ ರೂಪಾಯಿಗಳಷ್ಟು ತಪ್ಪು. ಈ ಲೆಕ್ಕವು ನಾವು ವಾಚಕರ ವಿನೋದಕ್ಕಾಗಿ ಕಟ್ಟಿದುದಲ್ಲ. ೨೦೨೦ನೆಯ ಇಸವಿಯ ಏಪ್ರಿಲ್ ೧೭ರಂದು ಗುಜರಾತ ಸರಕಾರವು ಹೊರಡಿಸಿದ ಅಧಿಸೂಚನೆಯೊಂದರಲ್ಲಿ ಇದೇ ಉದಾಹರಣೆಯನ್ನು ಇವೇ ಅಂಕೆಗಳಲ್ಲಿ ಕೊಡಲಾಗಿದ್ದಿತು. ಹುಡುಗನು ತಪ್ಪಿದರೆ ಪಂತೋಜಿಯು ತಿದ್ದುವನು. ಸರಕಾರವೇ ತಪ್ಪಿದುದರಿಂದ ಸುಪ್ರೀಂ ಕೋರ್ಟಿಗೆ ಹೋಗಿ ತಿದ್ದಿಸಬೇಕಾಯಿತು.

ಅವು ಕೋವಿಡ್ ಪಿಡುಗಿನ ದಿನಗಳು. ಕಾರಖಾನೆಗಳ ಬಾಗಿಲು ಮುಚ್ಚಿದ್ದವು. ಪರ ಊರುಗಳಿಂದ ಬಂದ ಕೂಲಿಕಾರರು ಗಂಟುಮೂಟೆ ಹೊತ್ತು, ಮಕ್ಕಳ ಕೈ ಹಿಡಿದು, ಹೆದ್ದಾರಿಗಳ ಮೇಲೆ ತಮ್ಮ ತಮ್ಮ ಹಳ್ಳಿಗಳಿಗೆ ನಡೆದುಹೋಗುತ್ತಿದ್ದರು. ಅಂಥ ಸಮಯದಲ್ಲಿ ಆ ಸರಕಾರದವರು ೧೯೪೮ರ ಕಾರಖಾನೆಗಳ ಕಾಯದೆಯ ೫ನೆಯ ಕಲಮನ್ನು ಹಿಡಿದುಕೊಂಡು, ತಮ್ಮ ಪ್ರಾಂತದ ಸಮಸ್ತ ಕಾರಖಾನೆಗಳಿಗೂ ದುಡಿಮೆಯ ಹೊತ್ತಿನ ಕಟ್ಟುಪಾಡುಗಳಿಂದ ವಿನಾಯಿತಿಯನ್ನು ಕೊಟ್ಟರು. ದಿನಕ್ಕೆ ೧೨ ತಾಸು, ವಾರಕ್ಕೆ ೭೨ ತಾಸು ಕೆಲಸ ತೆಗೆದುಕೊಳ್ಳಬಹುದು. ಐದು ತಾಸಿಗೊಮ್ಮೆ ಇದ್ದ ಅರ್ಧ ತಾಸಿನ ವಿರಾಮವನ್ನು ಆರು ತಾಸಿಗೊಮ್ಮೆ ಕೊಟ್ಟರೆ ಸಾಕು. ಇದೆಲ್ಲ ಒಂದು ಕಡೆಗಿರಲಿ. ಹೆಚ್ಚಿನ ನಾಲ್ಕು ತಾಸಿಗೆ ಕಾಯದೆಯ ೫೯ನೆಯ ಕಲಮಿನಂತೆ ಸಲ್ಲುತ್ತಿದ್ದ ಇಮ್ಮಡಿ ಕೂಲಿಯು ಬೇಡ, ಸಾಮಾನ್ಯ ದರವೇ ಸಾಕೆಂದರು. ಏಪ್ರಿಲ್ ೨೦ರಿಂದ ಮೂರು ತಿಂಗಳಿಗೆಂದು ಮಾಡಿದ ಈ ಏರ್ಪಾಟನ್ನು ಜುಲೈಯಲ್ಲಿ ಮತ್ತೆ ಮೂರು ತಿಂಗಳಿಗೆ ಬೆಳೆಸಿದರು.

ಲೆಕ್ಕವನ್ನು ಇನ್ನೊಂದು ಸಲ ನೋಡಿರಿ. ಎಂಟು ತಾಸಿಗೆ ೮೦ ಎಂದರೆ ತಾಸಿಗೆ ೧೦. ದಿನಕ್ಕೆ ೧೨ ತಾಸಿನಂತೆ ಆರು ದಿನ ದುಡಿದರೆ ವಾರದಲ್ಲಿ ೭೨ ತಾಸು. ಕಾಯದೆಯ ಮೇರೆಯಾದ ೪೮ನ್ನು ಕಳೆದರೆ ಉಳಿಯುವವು ೨೪. ಇವುಗಳಿಗೆ ಇಮ್ಮಡಿ ದರದಿಂದ ೪೮೦ ರೂಪಾಯಿ ಬರತಕ್ಕುದು. ಅಧಿಸೂಚನೆಯ ಪ್ರಕಾರ ಬಂದುದು ೨೪೦. ವಾರಕ್ಕೆ ೨೪೦ ರೂಪಾಯಿಯನ್ನು ಕೂಲಿಕಾರನ ಸೆರಗಿನಿಂದ ಬಿಚ್ಚಿ ಮಾಲಿಕನ ತಿಜೋರಿಗೆ ಹಾಕಿದಂತಾಯಿತು. ಉದಾಹರಣೆಯ ೮೦ ರೂಪಾಯಿ ಇಂದು ಯಾವ ಕಾರಖಾನೆಯ ದಿನಗೂಲಿಯೂ ಅಲ್ಲ. ನಿಜವಾದ ಕೂಲಿಯು ಅದಕ್ಕಿಂತ ಬಹಳ ಹೆಚ್ಚು, ಆದುದರಿಂದ ನಿಜವಾದ ನಷ್ಟವೂ ಅಷ್ಟೇ ಹೆಚ್ಚು. ಅದೂ ಯಾವ ಕಾಲದಲ್ಲಿ? ಮನೆಯಲ್ಲಿ ಅಡಗಿಸಿಟ್ಟ ಕಾಸೆಲ್ಲ ಖರ್ಚಾಗಿ ಹೋಗಿದ್ದ ಕಾಲದಲ್ಲಿ.

ಗುಜರಾತ ಮಜ್ದೂರ ಸಭಾ ಎಂಬ ಸಂಘವೂ ಇನ್ನೊಂದು ಕಾರ್ಮಿಕ ಸಂಸ್ಥೆಯೂ ಸುಪ್ರೀಂ ಕೋರ್ಟಿನ ಮೊರೆಹೊಕ್ಕವು. ನ್ಯಾಯಮೂರ್ತಿಗಳಾದ ಧನಂಜಯ ಚಂದ್ರಚೂಡ, ಇಂದೂ ಮಲ್ಹೋತ್ರಾ, ಕೆ. ಎಂ. ಜೋಸೆಫ್ ಇವರು ೨೦೨೦ರ ಅಕ್ಟೋಬರ್ ೧ರಂದು ತೀರ್ಪಿತ್ತರು. ೫ನೆಯ ಕಲಮಿನ ಅಧಿಕಾರವು 'ಸಾರ್ವಜನಿಕ ತುರ್ತುಸ್ಥಿತಿ'ಗೆ ಮಾತ್ರ ಮೀಸಲಾದುದು. ಯುದ್ಧ, ಪರಚಕ್ರದ ಆಕ್ರಮಣ ಅಥವಾ ಆಂತರಿಕ ಕ್ಷೋಭೆಯಿಂದ ದೇಶದ ಭದ್ರತೆಗೆ ಧಕ್ಕೆ ಬಂದಾಗ ಉಪಯೋಗಿಸಬೇಕಾದುದು. ರೋಗದಿಂದ ವ್ಯಾಪಾರವು ಕುಗ್ಗಿತೆಂಬುದು ಆ ಬಗೆಯ ತುರ್ತು ಅಲ್ಲ ಎಂದು ಅವರು ಹೇಳಿದರು. ಅಷ್ಟಕ್ಕೆ ನಿಲ್ಲದೆ, ಮನುಷ್ಯರಿಗೆ ತಕ್ಕ ದುಡಿಮೆಯ ಸ್ಥಿತಿಯನ್ನೂ ಹೆಚ್ಚು ಹೊತ್ತಿನ ಕೂಲಿಯನ್ನೂ ನಿರಾಕರಿಸುವುದೆಂದರೆ ಸಂವಿಧಾನದ ೨೧ನೆಯ ವಿಧಿಯ ಜೀವಿಸುವ ಹಕ್ಕಿಗೂ, ಬಲವಂತದ ದುಡಿಮೆಯನ್ನು ನಿಷೇಧಿಸುವ ೨೩ನೆಯ ವಿಧಿಗೂ ಅಪಚಾರವೆಂದರು. ಬಿಟ್ಟಿ ಬೇಗಾರಿಯನ್ನು ತಡೆಯುವುದಕ್ಕಾಗಿ ಬರೆದ ವಿಧಿಯನ್ನು ಓವರ್‌ಟೈಮ್ ಪಗಾರಕ್ಕೆ ಜೋಡಿಸಿದುದು ಆ ತೀರ್ಪಿನ ಹೆಚ್ಚಳ. ಎರಡೂ ಅಧಿಸೂಚನೆಗಳು ರದ್ದಾದವು. ಅವು ಜಾರಿಯಲ್ಲಿದ್ದ ದಿನಗಳ ಬಾಕಿ ಕೂಲಿಯನ್ನು ಕಾಯದೆಯ ದರದಂತೆ ಕೊಡತಕ್ಕದ್ದೆಂದು ಆಜ್ಞೆಯಾಯಿತು.

ನಮ್ಮ ಕರ್ನಾಟಕ ಸರಕಾರದವರು ಕೂಡ ಅದೇ ವರ್ಷದ ಮೇ ೨೨ರಂದು ದಿನಕ್ಕೆ ೧೦ ತಾಸು, ವಾರಕ್ಕೆ ೬೦ ತಾಸು ಎಂದು ಹುಕುಂ ಹೊರಡಿಸಿದ್ದರೆಂಬುದನ್ನು ವಾಚಕರು ಮರೆತಿರಲಾರರು. ಹೈಕೋರ್ಟಿನಲ್ಲಿ ಇದೆಂತಹ ತುರ್ತು ಎಂಬ ಪ್ರಶ್ನೆ ಎದ್ದಿತು. ಜೂನ್ ೧೧ರಂದು ಹುಕುಮನ್ನು ಹಿಂತೆಗೆದುಕೊಂಡರು. ಮೂರು ವಾರಗಳಲ್ಲಿಯೇ ಎಡವಟ್ಟನ್ನು ತಿದ್ದಿಕೊಂಡುದು ಮೆಚ್ಚತಕ್ಕ ಮಾತೇ.

ಇಮ್ಮಡಿಯೇ ಏಕೆ? ಕೆಲಸವು ಎಷ್ಟೋ ಕೂಲಿಯೂ ಅಷ್ಟೇ ಎಂದರೆ ನ್ಯಾಯವಲ್ಲವೆ? ಇದು ಸಭ್ಯರಾದ ಅನೇಕ ಗೃಹಸ್ಥರು ಕೇಳುವ ಪ್ರಶ್ನೆ; ಅವರಲ್ಲಿ ಸಂಬಳ ಕೊಡುವವರೂ ಉಂಟು. ಪತ್ರಿಕೆಯನ್ನು ನಡೆಸುವ ನಾವೂ ಕೊಡುವವರ ಸಾಲಿನವರೇ ಆದುದರಿಂದ ಈ ಪ್ರಶ್ನೆಯ ಹಿಂದಿನ ಸಂಕಟವನ್ನು ಅರಿಯೆವೆಂದಲ್ಲ. ಉತ್ತರವಿಷ್ಟೇ: ಇಮ್ಮಡಿ ಕೂಲಿಯು ಕೂಲಿಕಾರನಿಗೆ ಕೊಡುವ ಇನಾಮಲ್ಲ, ಅದು ಎಂಟು ತಾಸಿನ ದಿನಕ್ಕೆ ಹಾಕಿದ ಬೇಲಿ. ಒಂಬತ್ತನೆಯ, ಹತ್ತನೆಯ ತಾಸು ಮೊದಲನೆಯ ತಾಸಿನಷ್ಟೇ ಅಗ್ಗವಾಗಿ ಸಿಕ್ಕುವುದಾದರೆ ಯಾವ ಮಾಲಿಕನು ಎಂಟಕ್ಕೆ ನಿಲ್ಲಿಸಿಯಾನು? ಹೊಸದಾಗಿ ಒಬ್ಬನನ್ನು ನೇಮಿಸಿಕೊಂಡರೆ ಅವನಿಗೆ ಭವಿಷ್ಯನಿಧಿ, ವಿಮೆ, ರಜೆ, ಬೋನಸ್ಸು ಎಲ್ಲ ಹಚ್ಚಬೇಕು; ಇರುವವನನ್ನೇ ಹನ್ನೆರಡು ತಾಸು ನಿಲ್ಲಿಸಿಕೊಂಡರೆ ಆ ಖರ್ಚು ಒಂದೂ ಇಲ್ಲ. ಆದುದರಿಂದ ಸಾಮಾನ್ಯ ದರವೆಂದರೆ ಹೆಚ್ಚು ಹೊತ್ತಿನ ಕೆಲಸಕ್ಕೆ ಬಹುಮಾನ ಕೊಟ್ಟಂತೆಯೇ. ಇಮ್ಮಡಿ ದರವಿದ್ದಾಗ ಮಾತ್ರ ಮಾಲಿಕನು ಪೆನ್ಸಿಲು ಹಿಡಿದು ಕುಳಿತು, ಇನ್ನೊಬ್ಬನಿಗೆ ಕೆಲಸ ಕೊಡುವುದೇ ಲಾಭವೆಂದು ಕಂಡುಕೊಳ್ಳುವನು. ಅಮೆರಿಕದವರು ೧೯೩೮ರ ತಮ್ಮ ಕಾಯದೆಯಲ್ಲಿ ಒಂದೂವರೆ ಪಟ್ಟು ಕೂಲಿಯನ್ನು ವಿಧಿಸಿದಾಗಲೂ, ನಿರುದ್ಯೋಗಿಗಳು ಬೀದಿ ತುಂಬಿದ್ದ ಆ ದಿನಗಳಲ್ಲಿ, ಇರುವ ಕೆಲಸವನ್ನು ಹೆಚ್ಚು ಮಂದಿಗೆ ಹಂಚುವುದೇ ಉದ್ದೇಶವಾಗಿದ್ದಿತು.

ಈ ಬೇಲಿಯು ಒಂದು ದಿನದಲ್ಲಿ ಎದ್ದುದಲ್ಲ. ಮುಂಬಯಿಯ ಗಿರಣಿಗಳಲ್ಲಿ ಬೆಳಕು ಹರಿದಾಗ ಒಳಹೊಕ್ಕವನು ಕತ್ತಲಾದ ಮೇಲೆ ಹೊರಬೀಳುತ್ತಿದ್ದ ಕಾಲದಲ್ಲಿ, ೧೮೮೪ರಲ್ಲಿ, ನಾರಾಯಣ ಮೇಘಾಜಿ ಲೋಖಂಡೆಯವರು ಗಿರಣಿ ಕೂಲಿಕಾರರ ಸಭೆಗಳನ್ನು ಕೂಡಿಸಿ, ವಾರಕ್ಕೊಂದು ರಜೆಯನ್ನೂ ಮಧ್ಯಾಹ್ನ ಅರ್ಧ ತಾಸಿನ ಬಿಡುವನ್ನೂ ಬೇಡಿದರು. ರವಿವಾರದ ರಜೆಯು ದೊರೆತುದು ೧೮೯೦ರಲ್ಲಿ. ಕಾಯದೆಯೂ ಮೆಲ್ಲಮೆಲ್ಲನೆ ನಡೆಯಿತು. ೧೮೮೧ರ ಕಾಯದೆಯು ಮಕ್ಕಳ ದುಡಿಮೆಗೆ ಮಾತ್ರ ಮಿತಿ ಹಾಕಿತು. ೧೮೯೧ರಲ್ಲಿ ಹೆಂಗಸರಿಗೆ ೧೧ ತಾಸಾಯಿತು. ಗಂಡಾಳುಗಳ ನೆನಪಾದುದು ೧೯೧೧ರಲ್ಲಿ, ಅದೂ ಬಟ್ಟೆಯ ಗಿರಣಿಗಳವರಿಗೆ ಮಾತ್ರ, ೧೨ ತಾಸು. ೧೯೧೯ರಲ್ಲಿ ವಾಷಿಂಗ್ಟನ್ ನಗರದಲ್ಲಿ ಕೂಡಿದ ಅಂತರರಾಷ್ಟ್ರೀಯ ಕಾರ್ಮಿಕ ಪರಿಷತ್ತಿಗೆ ಹಿಂದೀ ಕೂಲಿಕಾರರ ಪ್ರತಿನಿಧಿಯಾಗಿ ಎನ್. ಎಂ. ಜೋಶಿಯವರು ಹೋಗಿದ್ದರು. ಅಲ್ಲಿ ಜಗತ್ತಿಗೆಲ್ಲ ವಾರಕ್ಕೆ ೪೮ ತಾಸೆಂದೂ, ಹೆಚ್ಚಿನ ಹೊತ್ತಿಗೆ ಒಂದೂಕಾಲು ಪಟ್ಟಿಗೆ ಕಡಿಮೆಯಿಲ್ಲದ ಕೂಲಿಯೆಂದೂ ಗೊತ್ತುಪಡಿಸಿದರು; ಬ್ರಿಟಿಷ್ ಹಿಂದುಸ್ಥಾನಕ್ಕೆ ಮಾತ್ರ ಬೇರೆ ಅಳತೆಯ ಕೋಲನ್ನು ಹಿಡಿದು ೬೦ ತಾಸೆಂದು ಬರೆದರು! ನಮ್ಮವರ ಮೈ ಉಕ್ಕಿನಿಂದ ಮಾಡಿದುದೆಂದು ಅವರು ಬಗೆದಿರಬೇಕು. ಆ ೬೦ ತಾಸು ೧೯೨೨ರಲ್ಲಿ ಕಾಯದೆಯಾಯಿತು. ೧೯೩೪ರಲ್ಲಿ ೫೪ಕ್ಕಿಳಿಯಿತು. ಡಾಕ್ಟರ್ ಅಂಬೇಡಕರರು ವೈಸರಾಯರ ಮಂಡಲದಲ್ಲಿ ಕಾರ್ಮಿಕ ಖಾತೆಯನ್ನು ವಹಿಸಿಕೊಂಡಿದ್ದ ಅವಧಿಯಲ್ಲಿ, ೧೯೪೬ರ ತಿದ್ದುಪಡಿಯಿಂದ, ೪೮ಕ್ಕೆ ಬಂದಿತು. ಸ್ವತಂತ್ರ ಭಾರತದ ೧೯೪೮ರ ಕಾಯದೆಯು ದಿನಕ್ಕೆ ಒಂಬತ್ತು, ವಾರಕ್ಕೆ ೪೮ ತಾಸುಗಳ ಮೇರೆಯನ್ನೂ, ಅದನ್ನು ದಾಟಿದರೆ ಇಮ್ಮಡಿ ಕೂಲಿಯನ್ನೂ ೫೯ನೆಯ ಕಲಮಿನಲ್ಲಿ ಕೂಡಿಯೇ ಬರೆಯಿತು. ಹೆಚ್ಚು ಹೊತ್ತಿನ ಕೂಲಿಯ ವಿಷಯದಲ್ಲಿ ನಮ್ಮ ದೇಶದ ದರವು ಅಮೆರಿಕದ ದರಕ್ಕಿಂತ ಮೇಲಿನದು. ನಾವು ಹೆಮ್ಮೆಪಡಬಹುದಾದ ಅಂಕೆಗಳಲ್ಲಿ ಇದೂ ಒಂದು.

ಇನ್ನು ಕಾಯದೆಯ ಪುಸ್ತಕವನ್ನು ಮಡಚಿಟ್ಟು ಪೇಟೆಯ ಕಡೆಗೆ ನಡೆಯೋಣ. ಬೆಳಿಗ್ಗೆ ಹತ್ತು ನಿಮಿಷ ತಡವಾಗಿ ಬಂದವನ ಪಗಾರದಲ್ಲಿ ಅರ್ಧ ದಿನ ಮುರಿಯುವ ಯಂತ್ರವು, ಸಂಜೆ ನಲವತ್ತು ನಿಮಿಷ ತಡವಾಗಿ ಹೊರಟವನನ್ನು ಕಾಣುವುದೇ ಇಲ್ಲ. ಹಾಜರಿಗೆ ಬೆರಳೊತ್ತುವ ಆ ಯಂತ್ರಕ್ಕೆ ಒಂದೇ ಕಣ್ಣು! ಬೆಂಗಳೂರಿನ ಉಡುಪು ಹೊಲಿಯುವ ಕಾರಖಾನೆಗಳ ಹೆಣ್ಣುಮಕ್ಕಳನ್ನು ಕೇಳಿರಿ. 'ಟಾರ್ಗೆಟ್' ಮುಗಿಯಲಿಲ್ಲವೆಂದು ಊಟದ ಬಿಡುವಿನಲ್ಲಿಯೂ ಗಂಟೆ ಹೊಡೆದ ಮೇಲೂ ಕೂಡ್ರಿಸಿಕೊಂಡ ಹೊತ್ತು ಯಾವ ಪುಸ್ತಕದಲ್ಲಿಯೂ ಏರುವುದಿಲ್ಲವೆಂಬುದು ಅವರ ಬಹುಕಾಲದ ದೂರು. ದೊಡ್ಡ ದೊಡ್ಡ ವಸತಿ ಕಟ್ಟಡಗಳ ಬಾಗಿಲಲ್ಲಿ ಸಮವಸ್ತ್ರ ತೊಟ್ಟು ಕುಳಿತಿರುವ ಕಾವಲುಗಾರನಿಗೆ ಹನ್ನೆರಡು ತಾಸಿನ ಪಾಳಿಯೇ ಸಾಮಾನ್ಯ ಪಾಳಿಯಾಗಿಬಿಟ್ಟಿದೆ. ಅವನ ಪಗಾರದಲ್ಲಿ ಎಂಟು ತಾಸಿನದೆಷ್ಟು, ಮಿಕ್ಕ ನಾಲ್ಕರದೆಷ್ಟು ಎಂದು ಬಿಡಿಸಿ ಹೇಳಬಲ್ಲವರು ಯಾರೂ ಇಲ್ಲ. ಆ ಕಟ್ಟಡಗಳಲ್ಲಿ ವಾಸಿಸುವವರಲ್ಲಿ ಈ ಲೇಖನವನ್ನು ಓದುವ ಅಧಿಕಾರಿಗಳೂ ವಕೀಲರೂ ಇದ್ದಾರೆ. ಮುಂದಿನ ತಿಂಗಳು ಅವರು ಕಾವಲಿನ ಗುತ್ತಿಗೆದಾರನ ಬಿಲ್ಲಿಗೆ ಸಹಿ ಹಾಕುವ ಮೊದಲು ಈ ಒಂದು ಪ್ರಶ್ನೆಯನ್ನು ಕೇಳಿದರೆ ಬಹಳ ಉಪಕಾರವಾದೀತು.

ಕೊಡದೆ ತಪ್ಪಿಸಿಕೊಳ್ಳುವ ಉಪಾಯಗಳು ಹಲವು. ಹೆಚ್ಚಿನ ಹೊತ್ತಿಗೆ ಪ್ರತಿಯಾಗಿ ರಜೆ ಕೊಡುತ್ತೇವೆಂದು ಹೇಳುವುದು, ಆ ರಜೆಯನ್ನು ಕೇಳಿದಾಗ ಕೆಲಸದ ಒತ್ತಡವಿದೆಯೆನ್ನುವುದು ಒಂದು. ಇಮ್ಮಡಿಯನ್ನು ಮೂಲವೇತನದ ಮೇಲಷ್ಟೇ ಹಾಕುವುದು ಇನ್ನೊಂದು. ಹಳೆಯ ೫೯ನೆಯ ಕಲಮಿನಲ್ಲಿಯೇ 'ಸಾಮಾನ್ಯ ದರ'ವೆಂದರೆ ಮೂಲವೇತನದ ಜೊತೆಗೆ ಸಲ್ಲುವ ಭತ್ತೆಗಳೂ ಸೇರಿದುದು, ಬೋನಸ್ಸು ಮಾತ್ರ ಸೇರದು ಎಂದು ಬರೆದಿದ್ದರೂ, ಹತ್ತು ಸಾವಿರದ ಮೂಲವೇತನಕ್ಕೆ ಹದಿನೈದು ಸಾವಿರದ ಭತ್ತೆಗಳನ್ನು ಅಂಟಿಸಿ, ಲೆಕ್ಕ ಹಾಕುವಾಗ ಹತ್ತನ್ನೇ ಹಿಡಿಯುವ ಗುಮಾಸ್ತರಿಗೆ ಕೊರತೆಯಿರಲಿಲ್ಲ. ೨೦೧೯ರ ವೇತನ ಸಂಹಿತೆಯು, ಹೊರಗಿಡಬಹುದಾದ ಭತ್ತೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮೀರಿದ ಭಾಗವನ್ನು ವೇತನವೆಂದೇ ಎಣಿಸಬೇಕೆಂದಿರುವುದರಿಂದ ಈ ಕೈಚಳಕಕ್ಕೆ ಸ್ವಲ್ಪ ಕಡಿವಾಣ ಬಿದ್ದಿದೆ. ಮೂರನೆಯದು ಎಲ್ಲಕ್ಕಿಂತ ಸೊಗಸಾದುದು: ಕೂಲಿಕಾರನಿಗೆ ಬಿರುದು ಕೊಡುವುದು. ನಿನ್ನೆಯ ಗುಮಾಸ್ತನು ಇಂದು 'ಎಕ್ಸಿಕ್ಯುಟಿವ್', ನಾಳೆ 'ಅಸಿಸ್ಟಂಟ್ ಮ್ಯಾನೇಜರ್'. ವ್ಯವಸ್ಥಾಪಕರಿಗೆ ಓವರ್‌ಟೈಮ್ ಇಲ್ಲವಷ್ಟೆ! ಬಿರುದಿನ ಜೊತೆಗೆ ಸಂಬಳವು ಏರದಿದ್ದರೂ ಮನೆಗೆ ಹೋಗುವ ಹೊತ್ತು ಮಾತ್ರ ಏರುವುದು. ಒಬ್ಬನು ಕಾರ್ಮಿಕನೋ ಅಲ್ಲವೋ ಎಂಬುದನ್ನು ಅವನ ಹುದ್ದೆಯ ಹೆಸರಿನಿಂದಲ್ಲ, ಅವನು ಮುಖ್ಯವಾಗಿ ಮಾಡುವ ಕೆಲಸದಿಂದ ನಿರ್ಣಯಿಸಬೇಕೆಂದು ಸುಪ್ರೀಂ ಕೋರ್ಟು ೧೯೮೫ರಲ್ಲಿಯೇ ಹೇಳಿದೆ. ಬಿರುದನ್ನು ಹೊತ್ತ ನಮ್ಮ ತರುಣರಲ್ಲಿ ಈ ಮಾತನ್ನು ಬಲ್ಲವರು ಅತಿ ವಿರಳ.

ತರುಣರ ಪ್ರಸ್ತಾಪ ಬಂದುದರಿಂದ ಇನ್ನೊಂದು ಮಾತು. ೨೦೨೩ರಲ್ಲಿ ಇನ್ಫೋಸಿಸ್ ಸಂಸ್ಥಾಪಕರಾದ ಶ್ರೀ ಎನ್. ಆರ್. ನಾರಾಯಣಮೂರ್ತಿಯವರು, ದೇಶದ ಏಳಿಗೆಗಾಗಿ ತರುಣರು ವಾರಕ್ಕೆ ೭೦ ತಾಸು ದುಡಿಯಬೇಕೆಂದು ಅಭಿಪ್ರಾಯಪಟ್ಟುದು ನಾಡಿನಲ್ಲೆಲ್ಲ ಚರ್ಚೆಗೆ ಕಾರಣವಾಯಿತು. ಸ್ವಂತ ದುಡಿಮೆಯಿಂದ ಮೇಲೆ ಬಂದ ಕನ್ನಡಿಗರ ಮಾತನ್ನು ಹಗುರಾಗಿ ಕಾಣುವವರು ನಾವಲ್ಲ. ದೇಶಕ್ಕಾಗಿ ದುಡಿಯಬೇಕೆಂಬುದರಲ್ಲಿ ಎರಡನೆಯ ಮಾತೂ ಇಲ್ಲ. ಆದರೆ ೭೦ರಲ್ಲಿ ೪೮ ಕಳೆದರೆ ಉಳಿಯುವುದು ೨೨. ಆ ೨೨ ತಾಸಿನ ಫಲವು ದೇಶದ ಭಂಡಾರಕ್ಕೆ ಹೋಗುವುದಲ್ಲ, ಕಂಪನಿಯ ಲಾಭದ ಪಟ್ಟಿಗೆ ಹೋಗುವುದು. ತನ್ನ ಉದ್ಯಮಕ್ಕಾಗಿ ತಾನು ಹಗಲಿರುಳು ದುಡಿಯುವವನ ಮಾತು ಬೇರೆ. ಪಾಲಿಲ್ಲದವನ ಹೊತ್ತನ್ನು ದೇಶದ ಹೆಸರಿನಲ್ಲಿ ಬಿಟ್ಟಿಯಾಗಿ ಕೇಳುವುದು ಬೇರೆ. ಸ್ವಾತಂತ್ರ್ಯದ ಹೋರಾಟದಲ್ಲಿ ಜೈಲಿಗೆ ಹೋದವರನ್ನು ದೇಶವು ದುಡ್ಡಿಲ್ಲದೆ ಕರೆಯಿತು ನಿಜ. ಅವರ ಜೈಲುವಾಸದಿಂದ ಯಾರಿಗೂ ಡಿವಿಡೆಂಡು ಬರುತ್ತಿರಲಿಲ್ಲ.

ಮಾಲಿಕರ ಕಡೆಯ ಮಾತಿನಲ್ಲಿಯೂ ಹುರುಳಿಲ್ಲದಿಲ್ಲ. ಹಂಗಾಮಿನಲ್ಲಿ ಕೆಲಸವು ಒಮ್ಮೆಲೆ ಬಂದು ಬೀಳುವುದು, ಹಡಗು ಹೊರಡುವ ದಿನ ತಪ್ಪಿದರೆ ಪರದೇಶದ ಗಿರಾಕಿಯು ಮಾಲನ್ನೇ ಒಪ್ಪನು, ಸಣ್ಣ ಕಾರಖಾನೆಯವನಿಗೆ ಪಳಗಿದ ಆಳು ಬೇಕೆಂದಾಗ ಸಿಕ್ಕುವುದಿಲ್ಲ. ಇದಕ್ಕಾಗಿಯೇ ಕಾಯದೆಯು ಹೆಚ್ಚು ಹೊತ್ತಿನ ಕೆಲಸವನ್ನು ಪೂರ್ತಿ ನಿಷೇಧಿಸದೆ ಅದಕ್ಕೆ ಬೆಲೆ ಕಟ್ಟಿದೆ. ಅವಸರದವನು ಬೆಲೆಯನ್ನು ತೆತ್ತು ಅವಸರವನ್ನು ತೀರಿಸಿಕೊಳ್ಳಲಿ. ವರ್ಷದ ಹನ್ನೆರಡು ತಿಂಗಳೂ ಅವಸರವೇ ಇರುವ ಕಾರಖಾನೆಯಲ್ಲಿ ಇರುವುದು ಅವಸರವಲ್ಲ, ಆಳಿನ ಅಭಾವ. ಕೂಲಿಕಾರರೇ ತಾವಾಗಿ ಓವರ್‌ಟೈಮನ್ನು ಬೇಡಿ ಬರುವರೆಂಬ ಇನ್ನೊಂದು ವಾದವುಂಟು. ನಿಜ, ಬರುತ್ತಾರೆ. ಎಂಟು ತಾಸಿನ ಪಗಾರದಲ್ಲಿ ಮನೆಯ ಬಾಡಿಗೆ, ಮಕ್ಕಳ ಶಾಲೆಯ ಫೀ ತೀರದವನು ಹನ್ನೆರಡನ್ನೂ ಬೇಡುವನು, ಹದಿನಾರನ್ನೂ ಬೇಡುವನು. ಆ ಬೇಡಿಕೆಯು ಅವನ ಮೂಲ ಪಗಾರವು ಸಾಲದೆಂಬುದಕ್ಕೆ ಸಾಕ್ಷಿಯೇ ಹೊರತು ಅವನ ಮೈಗೆ ದಣಿವಿಲ್ಲವೆಂಬುದಕ್ಕಲ್ಲ. ಹತ್ತನೆಯ ತಾಸಿನಲ್ಲಿ ಒತ್ತುಯಂತ್ರದ ಕೆಳಗೆ ಕೈ ಕೊಡುವವನಿಗೆ ನಿದ್ದೆಯ ಜೋಂಪು ಬಂದರೆ ಹೋಗುವುದು ಬೆರಳು. ಬೆರಳಿಗೆ ಇಮ್ಮಡಿ ದರವಿಲ್ಲ.

ಈಗ ಕಾನೂನಿನ ಸ್ಥಿತಿಯೇ ಬದಲಾಗಿದೆ. ೨೦೨೫ರ ನವೆಂಬರ್ ೨೧ರಂದು ಕೇಂದ್ರ ಸರಕಾರವು ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ೧೯೪೮ರ ಕಾರಖಾನೆಗಳ ಕಾಯದೆಯು ಅವುಗಳಲ್ಲಿ ಲೀನವಾಯಿತು. ಹೊಸ ಸಂಹಿತೆಗಳಲ್ಲಿ ದಿನಕ್ಕೆ ಎಂಟು ತಾಸಿನ ಮಾತಿದೆ, ಇಮ್ಮಡಿ ಕೂಲಿಯೂ ಉಳಿದಿದೆ. ಕೆಲಸಗಾರನ ಸಮ್ಮತಿಯಿಲ್ಲದೆ ಹೆಚ್ಚು ಹೊತ್ತು ದುಡಿಸಕೂಡದೆಂಬ ಸ್ಪಷ್ಟ ಮಾತೂ ಸೇರಿದೆ. ಇದೆಲ್ಲವೂ ಸ್ವಾಗತಾರ್ಹವೇ. ಆದರೆ ಮೂರು ತಿಂಗಳಲ್ಲಿ ಒಟ್ಟು ಎಷ್ಟು ತಾಸು ಓವರ್‌ಟೈಮ್ ಮಾಡಿಸಬಹುದೆಂಬ ಅಂಕೆಯು ಹಳೆಯ ಕಾಯದೆಯ ಮೈಯಲ್ಲಿಯೇ ಇದ್ದಿತು: ಸಾಮಾನ್ಯವಾಗಿ ೫೦, ವಿಶೇಷ ಅಪ್ಪಣೆಯಿದ್ದರೆ ೭೫. ಅದನ್ನು ಬದಲಿಸಬೇಕಾದರೆ ಶಾಸನಸಭೆಯಲ್ಲಿ ಮಸೂದೆ ತರಬೇಕಾಗಿದ್ದಿತು, ನಾಲ್ಕು ಜನರು ಎದ್ದು ಕೇಳುತ್ತಿದ್ದರು. ಈಗ ಆ ಅಂಕೆಯನ್ನು ಆಯಾ ಸರಕಾರವು ನಿಯಮಗಳ ಮೂಲಕ ಗೊತ್ತುಮಾಡಬಹುದು. ಅಂಕೆಯು ಶಾಸನಸಭೆಯಿಂದ ಇಳಿದು ಸಚಿವಾಲಯದ ಮೇಜಿನ ಮೇಲೆ ಕುಳಿತಿದೆ.

ಕರ್ನಾಟಕದ ಮೇಜಿನ ಒಲವು ಯಾವ ಕಡೆಗೆಂಬುದಕ್ಕೆ ಕುರುಹುಗಳಿಲ್ಲದಿಲ್ಲ. ೨೦೨೩ರಲ್ಲಿಯೇ ನಮ್ಮ ರಾಜ್ಯವು ಕಾರಖಾನೆಗಳ ಕಾಯದೆಯನ್ನು ತಿದ್ದಿ, ವಾರಕ್ಕೆ ೪೮ ತಾಸಿನ ಮೇರೆಯನ್ನು ಇರಿಸಿಕೊಂಡು, ದಿನದ ಕೆಲಸವನ್ನು ೧೨ ತಾಸಿನವರೆಗೆ ಹಿಗ್ಗಿಸಲು ಎಡೆಮಾಡಿತು. ೭೫ ತಾಸಿನ ಓವರ್‌ಟೈಮನ್ನು ಹೆಚ್ಚುಕಡಿಮೆ ಇಮ್ಮಡಿಗೊಳಿಸಿತು. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ೧೯೬೧ರ ಕಾಯದೆಯು ಓವರ್‌ಟೈಮ್ ಸೇರಿಯೂ ದಿನಕ್ಕೆ ೧೦ ತಾಸು, ಮೂರು ತಿಂಗಳಿಗೆ ಒಟ್ಟು ೫೦ ತಾಸು ಎಂದು ಹಾಕಿದ ಮೇರೆಯನ್ನು ದಿನಕ್ಕೆ ೧೨ಕ್ಕೆ ಒಯ್ಯುವ ಪ್ರಸ್ತಾಪವು ೨೦೨೫ರಲ್ಲಿ ಎದ್ದು, ಕಾರ್ಮಿಕ ಸಂಘಗಳವರ ಪ್ರತಿಭಟನೆಗೆ ಗುರಿಯಾಯಿತು. ಬಂಡವಾಳವು ನೆರೆರಾಜ್ಯಗಳಿಗೆ ಹೋಗಿಬಿಟ್ಟೀತೆಂಬ ಭೀತಿಯನ್ನು ಇದಕ್ಕೆ ಕಾರಣವಾಗಿ ಹೇಳುತ್ತಾರೆ. ನೆರೆರಾಜ್ಯದವರೂ ತಮ್ಮ ಶಾಸನಸಭೆಯಲ್ಲಿ ಇದೇ ಭೀತಿಯನ್ನೇ ಹೇಳುತ್ತಿರುವರು.

ಕೆಲಸಗಾರರಿಗೆ ಹೇಳಬೇಕಾದುದು ಎರಡೇ ಸಂಗತಿ. ವೇತನ ಸಂಹಿತೆಯಂತೆ, ಸಲ್ಲತಕ್ಕ ಕೂಲಿಯು ಸಲ್ಲದಿದ್ದರೆ ಮೂರು ವರ್ಷಗಳ ಒಳಗೆ ಅರ್ಜಿ ಹಾಕಬಹುದು. ಹಿಂದಿನ ವೇತನ ಪಾವತಿ ಕಾಯದೆಯಲ್ಲಿ ಈ ಅವಧಿಯು ಒಂದೇ ವರ್ಷವಾಗಿದ್ದಿತು. ಕೂಲಿಯನ್ನು ಕೊಟ್ಟಿದ್ದೇನೆಂದು ಸಿದ್ಧಪಡಿಸುವ ಹೊಣೆಯು ಮಾಲಿಕನದು, ಕೊಟ್ಟಿಲ್ಲವೆಂದು ಸಿದ್ಧಪಡಿಸುವ ಹೊಣೆಯು ಕೂಲಿಕಾರನದಲ್ಲ. ಆದರೂ ಬಂದ ಹೊತ್ತು, ಹೋದ ಹೊತ್ತು ಎರಡನ್ನೂ ದಿನದಿನವೂ ಒಂದು ಚಿಕ್ಕ ವಹಿಯಲ್ಲಿ ಬರೆದಿಟ್ಟುಕೊಳ್ಳುವುದು ಲೇಸು. ವಿಚಾರಣೆಯಲ್ಲಿ ಮಾಲಿಕನ ಹಾಜರಿ ಪಟ್ಟಿಯ ಎದುರಿಗೆ ಇಡಲು ಏನಾದರೂ ಬೇಕಷ್ಟೆ.

ಅಧಿಕಾರಿಗಳಲ್ಲಿ ನಮ್ಮ ಬಿನ್ನಹವೂ ದೊಡ್ಡದಲ್ಲ. ನಿಯಮಗಳನ್ನು ಬರೆಯುವಾಗ ಮೂರು ತಿಂಗಳ ಓವರ್‌ಟೈಮಿನ ಅಂಕೆಯನ್ನು ಹಳೆಯ ೭೫ರ ಮೇಲೆ ಹೋಗಗೊಡಬಾರದು. ವೇತನ ಚೀಟಿ ಕೊಡುವುದು ಹೇಗೂ ಕಡ್ಡಾಯವಾಗಿದೆ. ಆ ಚೀಟಿಯಲ್ಲಿ ಹೆಚ್ಚಿನ ತಾಸುಗಳೆಷ್ಟು, ಅವುಗಳ ದರವೆಷ್ಟು, ಕೊಟ್ಟ ಹಣವೆಷ್ಟು ಎಂದು ಮೂರು ಬೇರೆ ಮನೆಗಳು ಇರಲಿ. ಚೀಟಿಯು ಕನ್ನಡದಲ್ಲಿರಲಿ. ಸಮ್ಮತಿಪತ್ರವನ್ನು ನೇಮಕದ ದಿನವೇ ಉಳಿದ ಹತ್ತು ಕಾಗದಗಳ ನಡುವೆ ಸೇರಿಸಿ ಸಹಿ ಮಾಡಿಸಿಕೊಳ್ಳುವ ರೂಢಿಯು ಬೇರೂರುವ ಮೊದಲೇ, ಪ್ರತಿಯೊಂದು ಸಲದ ಹೆಚ್ಚಿನ ಕೆಲಸಕ್ಕೂ ಬೇರೆ ಸಮ್ಮತಿ ಬೇಕೆಂದು ನಿಯಮದಲ್ಲಿಯೇ ಬರೆಯಲಿ.